ಹೆಪ್ಪು ಹಾಕಿದ ಹದಿನಾಲ್ಕು ನಿಂಬೆಗಿಡ

ಸೋಮವಾರ ಬೆಳಿಗ್ಗೆ,
ನರ್ಸರಿಯ ಗೇಟು ತೆಗೆಯುವ ಮೊದಲು

ಅಳತೆಪಟ್ಟಿ ಹಿಡಿದೇ ಹುಟ್ಟಿದ ನನ್ನ ಮಗಳಿಗೆ,

ಮೊದಲು ಖರ್ಚು ಹೇಳುತ್ತೇನೆ, ಯಾತಕ್ಕೆ ಎಂಬುದನ್ನು ಆಮೇಲೆ. ನಿನ್ನ ನಿಂಬೆಗಿಡಗಳ ವ್ಯವಹಾರಕ್ಕೆ ಇದುವರೆಗೆ ಆದದ್ದು ಇಷ್ಟು: ಐದು ಲೀಟರಿನ ಕುಕ್ಕರ್ ಒಂದು. ನೀನು ಅದರಲ್ಲಿ ಮಣ್ಣು ಬೇಯಿಸಿದ ಮೇಲೆ, ಎಷ್ಟು ತೊಳೆದರೂ ಅದರ ಅನ್ನ ನಿಮ್ಮಪ್ಪನ ಗಂಟಲಿಗೆ ಇಳಿಯುವುದಿಲ್ಲ. ಸ್ಟೀಲಿನ ಚಮಚ ಒಂದು. ಮೊಸರು ಅರ್ಧ ಲೋಟ. ನಿನ್ನ ಗೈಡು ಮೇಷ್ಟ್ರಿಗೆ ಟೀ ಎರಡು, ಸುಳ್ಳು ಒಂದು. ನಿಮ್ಮಪ್ಪನ ಮೂರು ದಿನದ ಮಾತು. ಆ ಮನುಷ್ಯನ ಲೆಕ್ಕದಲ್ಲಿ ಅದು ಒಟ್ಟು ಮೂವತ್ತು ಮಾತು ಆಗಬಹುದು, ಬಿಡು. ಕೊನೆಯದಾಗಿ, ಈ ಕಾಗದ ಶುಕ್ರವಾರದೊಳಗೆ ನಿನ್ನ ಕೈಗೆ ಬರದಿದ್ದರೆ, ನಿನ್ನ ಮೂರು ವರ್ಷದ ಓದು.

ಈಗ ಕೂತುಕೊಂಡು ಓದು.

ಬೇಯಿಸಿದ ಮಣ್ಣು ತಾನಾಗಿ ಜೀವ ಪಡೆಯಲಿಲ್ಲ. ನಾನು ಕೊಟ್ಟೆ. ಚಮಚದಲ್ಲಿ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ನಿನ್ನೆಯಿಂದ ನಾಲ್ಕು ಸಲ ನಿನ್ನ ನಂಬರು ಒತ್ತಿದ್ದೇನೆ. ಎರಡು ಸಲ ನೀನು ಎತ್ತಿದೆ. ಒಂದು ಸಲ ಊಟ ಆಯಿತಾ ಎಂದು ಕೇಳಿ ಇಟ್ಟೆ. ಇನ್ನೊಂದು ಸಲ ಅಲ್ಲಿ ಮೋಡ ಇದೆಯಾ ಎಂದು ಕೇಳಿದೆ. ನಾನು ಯಾವತ್ತು ನಿನ್ನ ಊರಿನ ಮೋಡದ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ? ನಿನಗೆ ಆಗಲೇ ಅನುಮಾನ ಬರಬೇಕಿತ್ತು. ಫೋನಿನಲ್ಲಾದರೆ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನೀನು ‘ಅಮ್ಮಾ’ ಎಂದು ರಾಗ ಎಳೆಯುತ್ತೀಯ. ಉಳಿದರ್ಧ ನನ್ನ ಬಾಯಲ್ಲೇ ಉಳಿಯುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ. ನಾಳೆ ನಿಮ್ಮ ಊರಿಗೆ ಕ್ರೋಟನ್ ಗಿಡ ಇಳಿಸಲು ಹೋಗುವ ವ್ಯಾನಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಹಾಸ್ಟೆಲಿನ ಬಾಗಿಲಲ್ಲಿ ನಿನ್ನ ಕೈಗೇ ಕೊಟ್ಟು, ನೀನು ಒಡೆದದ್ದನ್ನು ಕಣ್ಣಾರೆ ನೋಡಿ ಬರಬೇಕೆಂದು ಹೇಳಿದ್ದೇನೆ. ಅವನು ಇನ್ನೂ ಅಲ್ಲೇ ನಿಂತಿದ್ದರೆ ಹೋಗು ಎನ್ನು.

ಎಲ್ಲಿ ದಾರಿ ತಪ್ಪಿತು ಎಂದು ಹುಡುಕಬೇಕಾದರೆ ಎಂಟು ತಿಂಗಳು ಹಿಂದೆ ಹೋಗಬೇಕು. ನೀನು ನಲವತ್ತು ಕುಂಡ ಹೊತ್ತುಕೊಂಡು ಬಂದೆ. ನಿಮ್ಮ ಸಂಸ್ಥೆಯ ಗಾಜಿನ ಮನೆಯಲ್ಲಿ ನಿನಗಿಂತ ಹಿರಿಯರ ಗಿಡಗಳೇ ಕಾಲು ಚಾಚಿಕೊಂಡಿವೆ, ಮಣ್ಣು ಬೇಯಿಸುವ ದೊಡ್ಡ ಯಂತ್ರಕ್ಕೆ ಮೂರು ತಿಂಗಳ ಸರದಿ ಎಂದೆ. ಸರಿ, ಎರಡು ದಿನ ನನ್ನ ಅಡುಗೆಮನೆಯಲ್ಲಿ ಕುಕ್ಕರ್ ಮಣ್ಣಿಗಾಗಿ ಕೂಗಿತು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ತಲೆ ಹಾಕಿ, “ಏನ್ರೀ, ಬೆಳಿಗ್ಗೆಯಿಂದ ಇಪ್ಪತ್ತು ಸಲ ಕೂಗ್ತು, ಎಷ್ಟು ಜನ ನೆಂಟ್ರು?” ಎಂದಳು. “ಮಗಳು ಬಂದಿದಾಳೆ” ಎಂದೆ. “ಒಬ್ಬಳೇನಾ?” ಎಂದಳು. “ಹಸಿವು ಜಾಸ್ತಿ” ಎಂದೆ.

ಬೇಯಿಸಿದ ಮಣ್ಣು ಇಪ್ಪತ್ತು ಕುಂಡಕ್ಕೆ, ಒಂದರಿಂದ ಇಪ್ಪತ್ತರವರೆಗೆ, ಕೆಂಪು ಚೀಟಿ. ಅದೇ ಮಣ್ಣು ಹಸಿಯಾಗಿ ಇನ್ನಿಪ್ಪತ್ತು ಕುಂಡಕ್ಕೆ, ಹಸಿರು ಚೀಟಿ. ಎಲ್ಲದರಲ್ಲೂ ಒಂದೇ ಮರದ ಹಣ್ಣಿನ ಬೀಜದಿಂದ ಎದ್ದ, ನಾಲ್ಕೆಲೆ ಬಿಟ್ಟ ನಿಂಬೆಸಸಿ. ಯಾವ ಕುಂಡ ಎಲ್ಲಿ ಕೂರಬೇಕೆಂದು ನೀನು ಚೀಟಿ ಎತ್ತಿ ತೀರ್ಮಾನಿಸಿದೆ. ನಾನು ಅದನ್ನು ನೋಡಿ, ನಲವತ್ತು ಜನರ ಪಂಕ್ತಿ ಕೂರಿಸಲು ಇಷ್ಟು ಯೋಚನೆಯೇ ಎಂದುಕೊಂಡೆ. ಎರಡು ಪಂಗಡಕ್ಕೂ ಬೇರೆ ಬೇರೆ ನೀರಿನ ಕ್ಯಾನು. ಸುತ್ತ ಹಗ್ಗ. ಮುಟ್ಟಬೇಡಿ ಎಂಬ ಬೋರ್ಡು. ಬೋರ್ಡು ಬರೆದದ್ದು ಯಾರಿಗೆ ಎಂದು ನೀನು ಹೇಳಲಿಲ್ಲ. ಗಿರಾಕಿಗಳಿಗೆ ಇರಬೇಕೆಂದು ನಾನು ತಿಳಿದೆ.

ಆವತ್ತು ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ನಾನು ಕೇಳಿದ್ದು ನೆನಪಿರಬೇಕು. ಮಣ್ಣು ಬೇಯಿಸಿದರೆ ಕಳೆ ಬೀಜ ಸಾಯುತ್ತದೆ, ರೋಗ ಸಾಯುತ್ತದೆ, ಗಿಡ ಇನ್ನೂ ಚೆನ್ನಾಗೇ ಬರಬೇಕಲ್ಲ ಎಂದೆ. “ರೋಗ ಒಂದೇ ಸಾಯಲ್ಲಮ್ಮ, ಜೊತೆಗಾರರೂ ಸಾಯ್ತಾರೆ” ಎಂದೆ ನೀನು. ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲನ್ನು ಬೇರಿನಿಂದ ಮಣ್ಣಿಗೆ ಬಿಟ್ಟುಕೊಡುತ್ತದೆ ಎಂದು ಹೇಳಿದೆ. “ಇಷ್ಟು ಸೋರೋ ಕೊಡ ನಮ್ಮನೇಲಿದ್ರೆ ಮೂಲೆಗೆಸೀತಿದ್ದೆ” ಎಂದೆ ನಾನು. “ಸೋರೋದಲ್ಲಮ್ಮ ಅದು, ಕೂಲಿ” ಎಂದೆ ನೀನು.

ಆ ಒಂದು ಮಾತಿಗೆ ನಾನು ನೆಟ್ಟಗೆ ಕೂತೆ. ಕೂಲಿ ಎಂದರೆ ನನಗೆ ತಿಳಿಯುತ್ತದೆ. ಮಣ್ಣಿನಲ್ಲಿ ಶಿಲೀಂಧ್ರದ ನೂಲುಗಳಿವೆ, ಅವು ಬೇರಿಗೆ ಕಚ್ಚಿಕೊಂಡು, ಬೇರು ತೂರಲಾರದ ಸಂದಿಗೆಲ್ಲ ತೂರಿ, ರಂಜಕ, ನೀರು ತಂದು ಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಹೆಚ್ಚು ತಂದವರಿಗೆ ಹೆಚ್ಚು, ಮೈಗಳ್ಳರಿಗೆ ಕಡಿಮೆ. ನಾವು ಬುಟ್ಟಿಗಟ್ಟಲೆ ಗೊಬ್ಬರ ಸುರಿದರೆ ಗಿಡ ಕೂಲಿಯನ್ನೇ ನಿಲ್ಲಿಸುತ್ತದೆ, ಕೆಲಸದವರು ಬಿಟ್ಟುಹೋಗುತ್ತಾರೆ. ಒಂದೊಂದು ಗಿಡ ತನಗೆ ಬೇಕಾದವರನ್ನು ಬೇರಿನ ಸುತ್ತ ಸೇರಿಸಿಕೊಳ್ಳುತ್ತದೆ. ಆಮೇಲೆ ಆ ಮಣ್ಣಿನಲ್ಲಿ ಯಾರು ಚೆನ್ನಾಗಿ ಬೆಳೆಯಬೇಕು, ಯಾರು ಸೊರಗಬೇಕು ಎಂಬುದನ್ನು ಸೇರಿದವರು ತೀರ್ಮಾನಿಸುತ್ತಾರೆ. “ಗಿಡ ಮಣ್ಣನ್ನ ಬದಲಾಯಿಸುತ್ತೆ, ಮಣ್ಣು ತಿರುಗಿ ಗಿಡನ ಬದಲಾಯಿಸುತ್ತೆ” ಎಂದೆ ನೀನು. “ನಾನೂ ನಿಮ್ಮಪ್ಪನೂ ಇದ್ದ ಹಾಗೆ” ಎಂದೆ ನಾನು. “ಇದರಲ್ಲಿ ಶಿಲೀಂಧ್ರ ಯಾರು?” ಎಂದು ನೀನು ಕೇಳಿದೆ. “ನಿಮ್ಮಪ್ಪ. ಕಣ್ಣಿಗೂ ಬೀಳಲ್ಲ, ಬಾಯೂ ಬಿಡಲ್ಲ, ಕೆಲಸ ಮಾತ್ರ ಆಗಿರುತ್ತೆ” ಎಂದೆ. ಒಳಗೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದ ನಿಮ್ಮಪ್ಪ ಕೆಮ್ಮಿದರು.

ಅದಾದ ಮೇಲೆ ನಾನು ಕೇಳಿದ ಪ್ರಶ್ನೆಯೇ ಎಲ್ಲಕ್ಕೂ ಮೂಲ. “ಹಾಗಾದ್ರೆ ಬೇಯಿಸಿದ ಮಣ್ಣು ಕಾಯಿಸಿಟ್ಟ ಹಾಲಿದ್ದ ಹಾಗೆ, ಹಸಿ ಮಣ್ಣು ಹೆಪ್ಪಿದ್ದ ಹಾಗೆ ಅನ್ನು” ಎಂದೆ. ನೀನು ಚೀಟಿ ಬರೆಯುತ್ತ, ತಲೆ ಎತ್ತದೆ, “ಹೂಂ, ಹೆಚ್ಚುಕಡಿಮೆ ಹಾಗೇ” ಎಂದೆ.

ಹಾಲು ಕಾಯಿಸಿ, ಆರಿಸಿ, ಸಾಲಾಗಿ ಜೋಡಿಸಿ, ಪಕ್ಕದಲ್ಲೇ ಹೆಪ್ಪು ಇಟ್ಟು, ಎಂಟು ತಿಂಗಳು ಮೊಸರು ಮಾಡಬೇಡ ಎಂದು ಹೇಳಿ ಹೋದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ? ನೀನು ಆ ಹೊತ್ತು, “ಇಲ್ಲಮ್ಮ, ಇದು ಬೇರೆ” ಎಂದು ನಾಲ್ಕು ಕಠಿಣ ಶಬ್ದ ಹೇಳಿ ನನ್ನನ್ನು ಹೆದರಿಸಿದ್ದರೆ ನಾನು ಹಗ್ಗದ ಆಚೆಯೇ ಇರುತ್ತಿದ್ದೆ. ನನ್ನ ಭಾಷೆಯಲ್ಲಿ ಒಪ್ಪಿಕೊಂಡೆಯಲ್ಲ, ಅದು ನಿನ್ನ ತಪ್ಪು. ಉಳಿದದ್ದು ನನ್ನದು.

ಮೂರು ತಿಂಗಳು ನಾನು ಒಳ್ಳೆಯವಳಾಗಿದ್ದೆ. ಹಸಿರು ಚೀಟಿಯವು ಮೊಣಕಾಲಿನತ್ತ ಹೊರಟವು. ಕೆಂಪು ಚೀಟಿಯವು ಅದೇ ನಾಲ್ಕೆಲೆ, ಹೆಚ್ಚೆಂದರೆ ಆರು, ಅವೂ ಕಾಮಾಲೆ ಆದವರಂತೆ. ನೀರು ಹಾಕುವ ನಮ್ಮ ನೀರಮ್ಮ ದಿನಾ ಹಗ್ಗದ ಪಕ್ಕ ನಿಂತು ಉಸಿರು ಬಿಡುತ್ತಿದ್ದಳು. “ಅಲ್ಲಕ್ಕಾ, ಅಷ್ಟು ದೂರ ಹೋಗಿ ಓದಿದ್ದು ಗಿಡ ಸೊರಗ್ಸೋಕಾ? ಅದನ್ನ ನಾನು ಓದ್ದೇನೇ ಮಾಡ್ತಿದ್ದೆ” ಎಂದಳು. ಮನೆ ಕಟ್ಟಿಸುವ ಕಾಂಟ್ರಾಕ್ಟರು ಅಂಗಳಕ್ಕೆ ಗಿಡ ನೋಡಲು ಬಂದವರು, ಕೆಂಪು ಸಾಲನ್ನೇ ನೋಡುತ್ತ, “ಇವೂ ನಿಮ್ಮವೇನಾ?” ಎಂದು ಕೇಳಿದರು. ಮಗಳವು ಎಂದೆ. “ಓ, ಕಲೀತಾ ಇದಾರಾ?” ಎಂದರು. ಆವತ್ತು ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ನಾನು ಈ ಕಸುಬು ಶುರು ಮಾಡಿದ್ದು ಬಸ್ ನಿಲ್ದಾಣದ ಗೋಡೆಗೆ ಒರಗಿ, ಎಣ್ಣೆ ಡಬ್ಬದಲ್ಲಿ ಹನ್ನೆರಡು ಸಸಿ ಇಟ್ಟುಕೊಂಡು. ಓದಿದ್ದು ಏಳನೆಯ ತರಗತಿ, ಅದೂ ಪೂರ್ತಿಯಲ್ಲ. ಆದರೆ ಒಂದು ಮಾತು ಆಗಿಂದಲೂ ಪ್ರತಿ ಗಿರಾಕಿಗೂ ಹೇಳಿದ್ದೇನೆ: ಬೇರಿನ ಮಣ್ಣು ಉದುರಿಸಬೇಡಿ, ಅದು ತವರಿನ ಮಣ್ಣು, ಜೊತೆಗಿದ್ದರೆ ಗಿಡ ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತದೆ. ನಿಜ ಹೇಳಲೇ? ಅದು ವ್ಯಾಪಾರದ ಮಾತು. ಬೇರು ಒಣಗಬಾರದು ಎಂದು ಹಾಗೆ ಹೇಳುತ್ತಿದ್ದೆ, ತವರು ಎಂದರೆ ಹೆಂಗಸರು ಹುಷಾರಾಗಿ ಒಯ್ಯುತ್ತಿದ್ದರು. ಅದರಲ್ಲಿ ನೂಲು, ಕೂಲಿ, ಸಂಸಾರ ಎಲ್ಲ ಇದೆ ಎಂದು ನೀನು ಹೇಳಿದ ಮೇಲೆಯೇ ಗೊತ್ತಾದದ್ದು. ಮೂವತ್ತು ವರ್ಷ ಹೇಳಿಕೊಂಡು ಬಂದ ಸುಳ್ಳು ಒಂದು ಮಧ್ಯಾಹ್ನ ನಿಜವಾಗಿಬಿಟ್ಟರೆ ಕೈ ಸುಮ್ಮನಿರುತ್ತದೆಯೇ?

ನಾಲ್ಕನೆಯ ತಿಂಗಳ ಮೊದಲ ಬುಧವಾರ, ಮಧ್ಯಾಹ್ನ ಮೂರು ಗಂಟೆ. ನೀರಮ್ಮ ಊಟಕ್ಕೆ ಹೋಗಿದ್ದಳು. ಹಗ್ಗ ದಾಟಿದೆ. ಕುಂಡ ನಾಲ್ಕರ ಬೇರಿನ ಪಕ್ಕ ಪೆನ್ಸಿಲಿನಿಂದ ತೂತು ಮಾಡಿ, ಹಸಿರು ಚೀಟಿಯ ಮೂವತ್ತೊಂದನೆಯ ಕುಂಡದ ಬೇರಿನ ಬುಡದಿಂದ ಅರ್ಧ ಚಮಚ ಮಣ್ಣು ತೆಗೆದು ತುಂಬಿದೆ. ಮೇಲೆ ನೀನು ಹರಡಿದ್ದ ಬಿಳಿ ಮರಳನ್ನು ಮೊದಲಿದ್ದಂತೆ ಎಳೆದೆ. ಆಮೇಲೆ ಒಳಗೆ ಬಂದು ಪುಸ್ತಕದಲ್ಲಿ ಬರೆದೆ: ತಾರೀಖು, ಕೊಟ್ಟ ಕುಂಡ, ತೆಗೆದುಕೊಂಡ ಕುಂಡ, ಎಷ್ಟು ಚಮಚ. ಯಾಕೆ ಬರೆದೆ ಎಂದು ಕೇಳಬೇಡ. ಈ ಮನೆಯಲ್ಲಿ ಒಂದು ಸೂಜಿ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಹೋದರೂ ನಾನು ಬರೆಯುತ್ತೇನೆ. ಕದ್ದದ್ದನ್ನು ಬರೆಯದೆ ಬಿಡುವುದು ನನ್ನಿಂದ ಆಗಲಿಲ್ಲ.

ಒಂದಕ್ಕೆ ಕೊಟ್ಟ ಮೇಲೆ ಉಳಿದವುಗಳ ಮುಖ ಹೇಗೆ ನೋಡಲಿ? ಮೂರು ವಾರದಲ್ಲಿ ಹದಿನಾಲ್ಕು ಕುಂಡ ಮುಗಿಸಿದೆ. ಮೊದಲ ಐದಕ್ಕೆ ಅರ್ಧರ್ಧ ಚಮಚ. ಕಡಿಮೆಯಾಯಿತೇನೋ ಎನಿಸಿ ಮುಂದಿನ ಐದಕ್ಕೆ ಒಂದೊಂದು. ಕೊನೆಯ ನಾಲ್ಕಕ್ಕೆ ಧೈರ್ಯ ಬಂದು ಮೂರು ಮೂರು. ಅಡುಗೆಯಲ್ಲೂ ನನ್ನ ಉಪ್ಪು ಹೀಗೇ ಏರುತ್ತದೆ ಎಂದು ನೀನೇ ಹೇಳುತ್ತೀಯ.

ಒಂಬತ್ತನೆಯ ಕುಂಡದ ಕಥೆ ಬೇರೆ. ಅದಕ್ಕೆ ಹಾಕುವ ದಿನ ಗೇಟಿನಲ್ಲಿ ಗಿರಾಕಿ ಬಂದರು. ಚಮಚ ನೀರಮ್ಮನ ಕೈಗೆ ಕೊಟ್ಟು, ಒಂಬತ್ತಕ್ಕೊಂದು ಚೂರು ಹೆಪ್ಪು ಹಾಕು, ಯಾರಿಗೂ ಹೇಳಬೇಡ ಎಂದು ಓಡಿದೆ. ಅವಳು ಎರಡನ್ನೂ ಪಾಲಿಸಿದಳು. ಅಡುಗೆಮನೆಗೆ ಹೋಗಿ ಅರ್ಧ ಲೋಟ ಮೊಸರು ತಂದು ಬುಡಕ್ಕೆ ಸುರಿದಳು. ಮಾರನೆಯ ದಿನ ಇಡೀ ಬೀದಿಯ ಇರುವೆ ನಿನ್ನ ಪ್ರಯೋಗಕ್ಕೆ ಹಾಜರು. ಇದೇನೇ ಎಂದು ಕೇಳಿದರೆ, “ಹೆಪ್ಪು ಅಂದ್ರಲ್ಲಕ್ಕಾ. ನಂಗೂ ಅನ್ನಿಸ್ತು, ನಿಂಬೆ ಗಿಡಕ್ಕೆ ಮೊಸರು ಹಾಕಿದ್ರೆ ಒಡೆಯಲ್ವಾ ಅಂತ. ಯಜಮಾನ್ತಿ ಹೇಳಿದ ಮೇಲೆ ನಾನ್ಯಾರು ಕೇಳೋಕೆ” ಎಂದಳು. ಒಂಬತ್ತು ಇವತ್ತಿಗೂ ಆರೆಲೆಯಲ್ಲೇ ಇದೆ. ಎಲ್ಲ ಹೆಪ್ಪೂ ಎಲ್ಲ ಹಾಲಿಗೂ ಅಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ ಎಂದು ಬೇಕಾದರೆ ಬರೆದುಕೋ. ಇರುವೆಯ ವಿಷಯ ಬಿಟ್ಟುಬಿಡು.

ಹೆಪ್ಪು ಹಾಕಿದ ಮೂವತ್ತೊಂದನೆಯ ದಿನ ಮೂರು ಚಮಚದವುಗಳಲ್ಲಿ ಚಿಗುರು ಕಂಡಿತು. ಆವತ್ತು ತಡೆಯಲಾರದೆ ಕುಂಡದ ಅಂಚಿನಿಂದ ಒಂದು ಎಳೆ ಬೇರನ್ನು ಮಣ್ಣಿನ ಸಮೇತ ಎಬ್ಬಿಸಿ, ನಿಮ್ಮಪ್ಪ ಗಡಿಯಾರ ರಿಪೇರಿಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಭೂತಗನ್ನಡಿಯಲ್ಲಿ ನೋಡಿದೆ. ಬೇರಿನಿಂದ ಹೊರಟ ಬಿಳಿ ನೂಲು, ನನ್ನ ನರೆಗೂದಲನ್ನು ಹತ್ತಾಗಿ ಸೀಳಿದರೆ ಎಷ್ಟೋ ಅಷ್ಟು ಸಣ್ಣ, ಮಣ್ಣಿನ ಹರಳಿನಿಂದ ಹರಳಿಗೆ ದಾಟಿಕೊಂಡು ಹೋಗಿತ್ತು. ನಿಮ್ಮಪ್ಪ ಏನು ನೋಡ್ತಿದೀಯ ಎಂದು ಬಂದರು. ಭೂತಗನ್ನಡಿ ಕೊಟ್ಟೆ. ತುಂಬಾ ಹೊತ್ತು ನೋಡಿದರು. “ಇಷ್ಟು ಸಣ್ಣ ಕೆಲ್ಸ ನಾನೂ ಮಾಡಿಲ್ಲ” ಎಂದರು. ಆಮೇಲೆ ಕುಂಡದ ಕೆಂಪು ಚೀಟಿ ಕಣ್ಣಿಗೆ ಬಿತ್ತು. “ಇದು ಬೇಯಿಸಿದ್ದಲ್ವಾ?” ಎಂದರು. ಚಮಚವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವರು ಮತ್ತೆ ಕೇಳಲಿಲ್ಲ. ಹಾಗಾಗಿ ಅವರೂ ಪಾಲುದಾರರು.

ಎರಡು ತಿಂಗಳ ಹಿಂದಿನ ಆ ಭಾನುವಾರ ನೀನು ಅಳೆಯಲು ಬಂದಾಗಲೇ ಹೇಳಬೇಕಿತ್ತು. ಪಟ್ಟಿಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ನಿನ್ನ ಕೈಯಲ್ಲಿ. ನೀನು ಅಳೆದೆ, ಮತ್ತೆ ಅಳೆದೆ, ಪಟ್ಟಿಯನ್ನೇ ತಿರುಗಿಸಿ ನೋಡಿದೆ. ಆಮೇಲೆ ನಕ್ಕೆ. ಅದಕ್ಕೆ ಮುಂಚೆ ಆರು ತಿಂಗಳಿಂದ ನೀನು ಬರುವಾಗೆಲ್ಲ ಮುಖ ಹಿಂಡಿಕೊಂಡೇ ಬರುತ್ತಿದ್ದೆ. ಎಲ್ಲರೂ ಮಾಡಿದ್ದನ್ನೇ ನೀನೂ ಮಾಡುತ್ತಿದ್ದೀಯ, ಹೊಸದೇನಿದೆ ಎಂದು ಗೈಡು ಮೇಷ್ಟ್ರು ಅಂದರೆಂದು ಊಟ ಬಿಟ್ಟಿದ್ದೆ. ಆವತ್ತು ಎರಡು ಸಲ ಬಡಿಸಿಕೊಂಡೆ. ಆ ತಟ್ಟೆಯ ಎದುರು ನಾನು ಬಾಯಿ ಬಿಡಲಿಲ್ಲ. ಮುಂದಿನ ವಾರ ಹೇಳೋಣ ಎಂದುಕೊಂಡೆ. ಮುಂದಿನ ವಾರ ಅದು ಇನ್ನೂ ದೊಡ್ಡದಾಗಿತ್ತು. ಗಿಡವೂ, ಸುಳ್ಳೂ.

ಗೈಡು ಮೇಷ್ಟ್ರು ಖುದ್ದಾಗಿ ಬಂದ ದಿನ ನೀನು ಅವರಿಗೆ ಛತ್ರಿ ಹಿಡಿದು ನಿಂತಿದ್ದೆ. ಅವರು ಮೊದಲ ಟೀ ಕುಡಿಯುತ್ತ, “ಈ ಕುಂಡಗಳನ್ನ ಯಾರಾದ್ರೂ ಮುಟ್ಟಿದಾರೇನಮ್ಮ?” ಎಂದು ಕೇಳಿದರು. “ಯಾರೂ ಕೈ ಹಚ್ಚಿಲ್ಲ ಸಾರ್” ಎಂದೆ. ಚಮಚ ಕೈಯಲ್ಲ ಎಂದು ಮನಸ್ಸಿನಲ್ಲೇ ಒಂದು ತೇಪೆ ಹಚ್ಚಿಕೊಂಡೆ. ಅದಕ್ಕವರು, “ನಿಮ್ಮಂಥ ಶಿಸ್ತಿನ ತಾಯಿ ಸಿಕ್ಕಿದ್ದು ಇವಳ ಪುಣ್ಯ” ಎಂದರು. ನಾನು ಎರಡನೆಯ ಟೀ ತರುವ ನೆಪದಲ್ಲಿ ಒಳಗೆ ಹೋದೆ. ಖರ್ಚಿನಲ್ಲಿ ಸುಳ್ಳು ಒಂದು ಎಂದು ಬರೆದೆನಲ್ಲ, ಅದೇ ಇದು. ಬಾಯಿಬಿಟ್ಟು ಹೇಳಿದ್ದು ಒಂದೇ. ಬಾಯಿ ಮುಚ್ಚಿಕೊಂಡು ಹೇಳಿದ್ದನ್ನು ನಾನು ಎಣಿಸಿಲ್ಲ.

ಈಗ ನಿನ್ನ ಗಾಳಿಯ ವಿಷಯ. ಇದನ್ನು ಬರೆಯಲು ಕಷ್ಟವಾಗುತ್ತಿದೆ, ನಗುವೂ ಬರುತ್ತಿದೆ, ಎರಡಕ್ಕೂ ಕ್ಷಮಿಸು.

ಇಪ್ಪತ್ತರಲ್ಲಿ ಹದಿನಾಲ್ಕು ತಾನಾಗಿ ಎದ್ದವು, ಆರು ಏಳಲಿಲ್ಲ, ಯಾಕೆ ಎಂದು ನೀನು ನಿದ್ದೆಗೆಟ್ಟೆ. ದೊಡ್ಡ ಹಾಳೆಯಲ್ಲಿ ನನ್ನ ನೆರಳುಮನೆಯ ನಕ್ಷೆ ಬರೆದು, ಗೇಟಿನ ಕಡೆಯಿಂದ ನೀಲಿ ಬಾಣ ಎಳೆದು, ಗಾಳಿಯಲ್ಲಿ ಬಂದ ಧೂಳು ಮಣ್ಣಿಗೆ ಜೀವ ತಂದಿದೆ, ಗೋಡೆ ಮೂಲೆಯ ಕೆಳ ಹಲಗೆಗೆ ಗಾಳಿ ತಲುಪದ್ದರಿಂದ ಅಲ್ಲಿನ ಐದು ಹಾಗೇ ಉಳಿದಿವೆ ಎಂದು ತೋರಿಸಿದೆ. ನೀರಮ್ಮ ನಕ್ಷೆ ನೋಡಿ ಕೈ ಮುಗಿದಳು. ಅಷ್ಟು ಚೆಂದದ ಬಾಣಗಳು.

ಮಗಳೇ, ಗೋಡೆ ಮೂಲೆಯ ಕೆಳ ಹಲಗೆಗೆ ತಲುಪದೇ ಇದ್ದದ್ದು ಗಾಳಿಯಲ್ಲ, ನಾನು. ಅಲ್ಲಿಗೆ ಕುಕ್ಕರಗಾಲಲ್ಲಿ ಕೂರಬೇಕು. ಕೂತರೆ ಏಳಲು ಯಾರಾದರೂ ಬೇಕು. ಯಾರನ್ನಾದರೂ ಕರೆದರೆ ಕದ್ದದ್ದು ಗೊತ್ತಾಗುತ್ತದೆ. ನೀನು ನೀಲಿ ಬಣ್ಣದಲ್ಲಿ ಬರೆದದ್ದು ನನ್ನ ಮಂಡಿನೋವಿನ ನಕ್ಷೆ. ಆರನೆಯದು ಮೊಸರಿನದು.

ಇಷ್ಟು ದಿನ ಮುಚ್ಚಿಟ್ಟವಳು ಈಗ ಯಾಕೆ ಬಿಚ್ಚುತ್ತಿದ್ದೀಯ ಎಂದರೆ, ಮೊನ್ನೆ ಶುಕ್ರವಾರ ನೀನು ನಿಮ್ಮಪ್ಪನಿಗೆ ಮಾಡಿದ ಫೋನು. ಈ ಬರುವ ಶುಕ್ರವಾರ ಐದು ಜನ ಪಂಡಿತರ ಎದುರು ನಿಂತು, ಬೆಂದ ಮಣ್ಣು ತಾನಾಗಿ ಬದುಕುತ್ತದೆ ಎಂದು ಹೇಳುತ್ತೇನಪ್ಪ, ಇದು ದೊಡ್ಡ ವಿಷಯ, ಬೇರೆ ಊರಿನವರೂ ಕೇಳಿಸಿಕೊಳ್ಳಲು ಬರುತ್ತಾರೆ ಎಂದೆಯಂತೆ. ಅವರು ಫೋನು ಇಟ್ಟು ನನ್ನನ್ನೇ ನೋಡಿದರು. ನಿಂತ ಗಡಿಯಾರದ ಹಿಂಬದಿ ಬಿಚ್ಚಿ, ಕಸ ಎಲ್ಲಿ ಸಿಕ್ಕಿದೆ ಎಂದು ಹುಡುಕುವ ನೋಟ. “ನೀನು ಬರೀತೀಯೋ, ನಾನು ಬರೀಲೋ?” ಎಂದರು. ಅಷ್ಟೇ. ಆಮೇಲೆ ಮೂರು ದಿನ ಮಾತಿಲ್ಲ. ಅವರು ಬರೆದರೆ ಎರಡು ಸಾಲಿನಲ್ಲಿ ಮುಗಿಸುತ್ತಾರೆ, ಆ ಎರಡು ಸಾಲಿನಲ್ಲಿ ನಾನು ಕಳ್ಳಿ ಎಂಬುದೊಂದೇ ಉಳಿಯುತ್ತದೆ ಎಂದು ನಾನೇ ಬರೆಯಲು ಕೂತೆ.

ನೀನು ಅಲ್ಲಿ ನಿಂತು ಹೇಳಿದ್ದನ್ನು ಇನ್ಯಾರೋ ಇನ್ನೆಲ್ಲೋ ಮಾಡಿ ನೋಡುತ್ತಾರೆ. ಅವರ ಮಣ್ಣು ಬದುಕುವುದಿಲ್ಲ, ಅವರ ಮನೆಯಲ್ಲಿ ನಾನಿಲ್ಲವಲ್ಲ. ಆಗ ನಿನ್ನನ್ನು ಸುಳ್ಳುಗಾತಿ ಎನ್ನುತ್ತಾರೆ. ನೀನು ಏನೂ ಮಾಡದೆ ಆ ಹೆಸರು ಹೊರಬೇಕಾಗುತ್ತದೆ. ಗಿಡ ಮಾರುವವಳನ್ನು ಹಾಗೆ ಕರೆದರೆ ಬೆಲೆ ಇಳಿಸಿ ಸಮಾಧಾನ ಮಾಡಬಹುದು. ನಿನ್ನ ಕಸುಬಿನಲ್ಲಿ ಅದಕ್ಕೆ ದಾರಿ ಇಲ್ಲ ಎಂದು ನಿಮ್ಮಪ್ಪನ ನೋಟದಲ್ಲಿ ಓದಿಕೊಂಡೆ.

ಆದ್ದರಿಂದ ಶುಕ್ರವಾರ ಹೋಗಿ ನಿಜ ಹೇಳು. ಹೇಗೆ ಹೇಳಬೇಕೆಂದೂ ಯೋಚಿಸಿದ್ದೇನೆ. ನನ್ನ ಪುಸ್ತಕದ ಏಳು ಹಾಳೆ ಕಿತ್ತು ಇದರ ಜೊತೆ ಇಟ್ಟಿದ್ದೇನೆ. ಮೂವತ್ತು ವರ್ಷದಲ್ಲಿ ಆ ಪುಸ್ತಕದಿಂದ ಹಾಳೆ ಕಿತ್ತದ್ದು ಇದೇ ಮೊದಲು. ಅದರಲ್ಲಿ ಯಾವ ಕುಂಡಕ್ಕೆ ಯಾವ ದಿನ ಎಷ್ಟು ಚಮಚ, ಯಾವತ್ತು ಮೊದಲ ಚಿಗುರು, ಪ್ರತಿ ವಾರ ಎಷ್ಟು ಬೆರಳು ಎತ್ತರ, ಎಲ್ಲ ಇದೆ. ನನ್ನ ಬೆರಳು ಎಷ್ಟು ದಪ್ಪ ಎಂದು ಕೊನೆಯ ಹಾಳೆಯಲ್ಲಿ ಅಚ್ಚು ಒತ್ತಿದ್ದೇನೆ, ನಿನ್ನ ಪಟ್ಟಿಗೆ ಹೊಂದಿಸಿಕೋ. ನಾನು ಕಂಡದ್ದು ಇಷ್ಟು: ಮೂರು ಚಮಚದವು ಮೂವತ್ತೊಂದು ದಿನಕ್ಕೆ ಚಿಗುರಿದವು, ಅರ್ಧ ಚಮಚದವು ನಲವತ್ಮೂರಕ್ಕೆ. ಹದಿನೇಳನೆಯದೊಂದನ್ನು ಬಿಟ್ಟರೆ ಇವತ್ತು ಅವೆರಡರ ನಡುವೆ ನೋಡಿದರೆ ಗೊತ್ತಾಗುವಂಥ ವ್ಯತ್ಯಾಸವಿ‌ಲ್ಲ. ಎಂದರೆ ಚೂರು ಸಾಕು, ಕಾಯಬೇಕು ಅಷ್ಟೇ. ಮುಟ್ಟದ ಐದು ಹಾಗೇ ಕುಳ್ಳಗೆ ನಿಂತಿವೆ. ಅವು ಇಲ್ಲದಿದ್ದರೆ ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಮಂಡಿನೋವಿಗೆ ನಾನು ಇಷ್ಟು ಕೃತಜ್ಞಳಾಗುತ್ತೇನೆ ಎಂದುಕೊಂಡಿರಲಿಲ್ಲ.

ಇದು ನಿನ್ನ ದೊಡ್ಡ ವಿಷಯದಷ್ಟು ದೊಡ್ಡದಲ್ಲ, ಗೊತ್ತು. ಅವರು ಇನ್ನೊಂದು ವರ್ಷ ಮಾಡಿಕೊಂಡು ಬಾ ಎನ್ನಬಹುದು. ಎನ್ನಲಿ. ಕಾಲೇಜಿನಿಂದ ಒಂದು ವರ್ಷ ತಡವಾಗಿ ಹೊರಬಂದವರು ನನ್ನ ಗಿರಾಕಿಗಳಲ್ಲೇ ಎಷ್ಟೋ ಜನ ಇದ್ದಾರೆ, ಎಲ್ಲರೂ ಚೆನ್ನಾಗಿಯೇ ನಡೆದಾಡುತ್ತಾರೆ. ಯಾರು ಕೆಡಿಸಿದರು ಎಂದು ಕೇಳಿದರೆ ಗಿಡ ಮಾರುವ ಒಬ್ಬ ಹೆಂಗಸು ಎನ್ನು. ತಾಯಿ ಎಂದರೂ ನನಗೆ ಬೇಸರವಿಲ್ಲ. ಗೈಡು ಮೇಷ್ಟ್ರಿಗೆ ಬೇರೆ ಕಾಗದ ಬರೆದಿದ್ದೇನೆ, ಅದೂ ವ್ಯಾನಿನವನ ಹತ್ತಿರ ಇದೆ. ಶಿಸ್ತಿನ ತಾಯಿ ಎಂಬ ಮಾತನ್ನು ಅದರಲ್ಲಿ ವಾಪಸು ಮಾಡಿದ್ದೇನೆ.

ಸಿಟ್ಟು ಮಾಡಿಕೊ. ಎರಡು ದಿನ ಮಾಡಿಕೊ. ಶುಕ್ರವಾರಕ್ಕೆ ಬೇಕಾಗುವಷ್ಟು ಉಸಿರು ಉಳಿಸಿಕೊ.

ಇನ್ನು ಯಾರಿಗೆ ಏನು ಸಿಕ್ಕಿತು ಎಂದು ಕೂಡಿಸಿ ನಿಲ್ಲಿಸುತ್ತೇನೆ. ಹದಿನಾಲ್ಕು ನಿಂಬೆಗಿಡಕ್ಕೆ ರಂಜಕ, ನೀರು, ತಲೆಗೆ ಇಪ್ಪತ್ತೆರಡರ ಮೇಲೆ ಎಲೆ. ನೂಲುಗಳಿಗೆ ಐದರಲ್ಲೊಂದು ಪಾಲು ಸಕ್ಕರೆ, ಇರಲು ಹದಿನಾಲ್ಕು ಹೊಸ ಮನೆ. ಇರುವೆಗಳಿಗೆ ಅರ್ಧ ಲೋಟ ಮೊಸರು. ನೀರಮ್ಮನಿಗೆ ಹೋದಲ್ಲೆಲ್ಲ ಹೇಳಲು ಒಂದು ಕಥೆ. ನಿಮ್ಮಪ್ಪನಿಗೆ ಭೂತಗನ್ನಡಿಯಲ್ಲಿ ನೋಡಲು ಗಡಿಯಾರವಲ್ಲದ ಒಂದು ವಸ್ತು. ಈಗ ದಿನಾ ನೋಡುತ್ತಾರೆ. ಐದು ಕುಳ್ಳ ಗಿಡಗಳಿಗೆ ಏನೂ ಇಲ್ಲ, ಒಂಬತ್ತಕ್ಕೂ ಇಲ್ಲ. ನಿನಗೆ ಏಳು ಹಾಳೆ ನಿಜ, ಒಂದು ಕೆಟ್ಟ ಶುಕ್ರವಾರ. ನನಗೆ, ಇದನ್ನು ಬರೆದು ಮುಗಿಸಿದ್ದರಿಂದ, ಇವತ್ತು ರಾತ್ರಿಯ ನಿದ್ದೆ.

ಇಂತಿ,
ಹಗ್ಗ ದಾಟಿದ ನಿನ್ನ ಅಮ್ಮ

ಮರೆತ ಮಾತು: ಹಾಳೆಗಳನ್ನು ನೋಡುವಾಗ ಹದಿನೇಳನೆಯ ಕುಂಡದ ಸಾಲಿನಲ್ಲಿ ‘ಕೊಟ್ಟ ಕುಂಡ’ ಎಂಬಲ್ಲಿ ಖಾಲಿ ಕಾಣುತ್ತದೆ. ಮರೆತದ್ದಲ್ಲ. ಅದಕ್ಕೆ ಹಾಕಿದ ಮೂರು ಚಮಚ ನಿನ್ನ ಹಸಿರು ಚೀಟಿಯ ಕುಂಡದ್ದಲ್ಲ, ಬೇರೆ ಕಡೆಯದು. ಆ ಗಿಡ ನಿನ್ನ ಹಸಿರು ಚೀಟಿಯವುಗಳಿಗಿಂತ ನಾಲ್ಕು ಬೆರಳು ಎತ್ತರ ಇದೆಯಲ್ಲ, ನೀನು ಅದನ್ನು ಗೇಟಿನ ಗಾಳಿ ಎಂದು ಬರೆದುಕೊಂಡಿದ್ದೀಯ. ಆ ಮಣ್ಣು ಯಾವ ಗಿಡದ ಬುಡದ್ದು ಎಂದು ನಿಮ್ಮಪ್ಪನಿಗೂ ಹೇಳಿಲ್ಲ. ಕಾಗದದಲ್ಲಿ ಬರೆಯುವುದಿಲ್ಲ, ಫೋನಿನಲ್ಲಿ ಕೇಳಿದರೆ ಮೋಡದ ವಿಷಯ ಮಾತಾಡುತ್ತೇನೆ. ಪಂಡಿತರು ಇನ್ನೊಂದು ವರ್ಷ ಎಂದರೆ ಅದನ್ನೇ ಮಾಡಬಹುದು, ಹೊಸದು. ಶನಿವಾರ ಬೆಳಗಿನ ಬಸ್ಸಿಗೆ ಬಂದು ನನ್ನೆದುರು ಕೂತು ಕೇಳು. ಹೊಸ ಕುಕ್ಕರ್ ತಂದಿಟ್ಟಿದ್ದೇನೆ, ಒಂದಲ್ಲ, ಎರಡು.